ಹೇರೂ ಮರುಹೇರೂ: ಕುಮಟೆಯ ಹತ್ತಿದಾರಿಯ ಪೂರ್ವೋತ್ತರ

ಘಟ್ಟದ ಮೇಲಣ ಸೀಮೆಯ ಹಳೆಯ ಹಾದಿಗಳ ಮಗ್ಗುಲಲ್ಲಿ, ಊರ ಹೊರಗಣ ಆಲದ ಬುಡದಲ್ಲಿಯೋ ಬಾವಿಯ ಬದಿಯಲ್ಲಿಯೋ, ನೆಟ್ಟ ಎರಡು ಕಲ್ಲುಗಳ ತಲೆಯ ಮೇಲೆ ಅಡ್ಡಲಾಗಿ ಒಂದು ಚಪ್ಪಡಿಯನ್ನು ಹಾಸಿ ನಿಲ್ಲಿಸಿದ ಹೊರೆಗಲ್ಲುಗಳು ಇಂದಿಗೂ ಅಲ್ಲೊಂದು ಇಲ್ಲೊಂದು ಕಾಣಸಿಗುತ್ತವೆ. ಅಂತಹ ಒಂದು ಕಲ್ಲಿನ ಪಕ್ಕದಲ್ಲಿ ನಿಂತು ನೋಡಿದವರಿಗೆ ಅದರ ಎತ್ತರ ಸುಮ್ಮನೆ ಬಂದುದಲ್ಲವೆಂಬುದು ಕೂಡಲೇ ಮನಸ್ಸಿಗೆ ಹೊಳೆಯುತ್ತದೆ. ತಲೆಹೊರೆಯನ್ನು ಹೊತ್ತವನು ಅದನ್ನು ನೆಲಕ್ಕೆ ಇಳಿಸಿದನೆಂದರೆ ಮತ್ತೆ ತಲೆಗೆ ಏರಿಸಿಕೊಳ್ಳಲು ಇನ್ನೊಬ್ಬರ ಕೈ ಬೇಕು. ಒಂಟಿಯಾಗಿ ಕಾಡುದಾರಿಯನ್ನು ಹಿಡಿದವನಿಗೆ ಆ ಇನ್ನೊಂದು ಕೈ ಎಲ್ಲಿಂದ ಬರಬೇಕು? ಆದುದರಿಂದ ಬಾಗದೆ, ಬಳುಕದೆ, ನಿಂತ ನಿಲುವಿನಲ್ಲಿಯೇ ಹೊರೆಯನ್ನು ಚಪ್ಪಡಿಯ ಮೇಲಕ್ಕೆ ಜಾರಿಸಿ, ಬೆವರನ್ನು ಒರಸಿಕೊಂಡು, ನೀರು ಕುಡಿದು, ಮತ್ತೆ ನಿಂತ ನಿಲುವಿನಲ್ಲಿಯೇ ಅದನ್ನು ತಲೆಗೆ ತೆಗೆದುಕೊಳ್ಳುವಂತೆ ಆ ಎತ್ತರವನ್ನು ಯಾರೋ ಒಬ್ಬರು ಅಳೆದು ನಿಶ್ಚಯಿಸಿದ್ದರು. ಅವರು ಅಳೆದದ್ದು ಮನುಷ್ಯನ ದೇಹವನ್ನು. ಕಲ್ಲು ನೆಟ್ಟದ್ದು ಅವನ ಉಸಿರು ಸೋಲುವ ಜಾಗದಲ್ಲಿ.

ಪ್ರಾದೇಶಿಕ ಸಾರಿಗೆಯ ಯೋಜನೆ ಎಂಬ ಮಾತು ನಮ್ಮಲ್ಲಿ ಹೊಸದು. ಅದು ಸೂಚಿಸುವ ವಿಷಯವಾದರೋ ದಾರಿಗಳಷ್ಟೇ ಹಳೆಯದು. ಒಂದು ಸೀಮೆಯ ಬೆಳೆ ಯಾವುದು, ಅದು ಯಾವ ತಿಂಗಳಲ್ಲಿ ಕೈಗೆ ಬರುತ್ತದೆ, ಅದನ್ನು ಬೇಡುವವರು ಎಲ್ಲಿರುವರು, ಅದನ್ನು ಹೊತ್ತೊಯ್ಯುವ ಪ್ರಾಣಿಗೆ ದಾರಿಯಲ್ಲಿ ಮೇವು ನೀರು ಸಿಕ್ಕುವುದೆ, ಹೋದ ಬಂಡಿ ಮರಳುವಾಗ ಏನನ್ನು ತರುವುದು ಎಂಬ ಪ್ರಶ್ನೆಗಳಿಗೆ ದೊರೆತ ಉತ್ತರಗಳ ಮೇಲೆಯೇ ದಾರಿಯ ಆಯುಷ್ಯ ನಿಂತಿರುತ್ತದೆ. ಈ ಪ್ರಶ್ನೆಗಳನ್ನು ಕೇಳಿದವರು ಯಾರು, ಯಾರ ಪರವಾಗಿ ಕೇಳಿದರು ಎಂಬುದೇ ಸಾರಿಗೆಯ ಇತಿಹಾಸದ ಹುರುಳು. ಧಾರವಾಡದ ಕರಿಯ ಎರೆಭೂಮಿಗೂ ಕುಮಟೆ, ಅಂಕೋಲೆ, ಕಾರವಾರಗಳ ಕಡಲತೀರಕ್ಕೂ ನಡುವೆ ಹರಡಿರುವ, ಅಗಲದಲ್ಲಿ ನೂರು ಮೈಲಿಯ ಆಸುಪಾಸಿನ ಸೀಮೆಯೊಂದರ ಕಥೆಯಿಂದ ಈ ಮಾತನ್ನು ತಿಳಿಯಬಹುದೆಂದು ನನಗೆ ತೋರುತ್ತದೆ. ಏಕೆಂದರೆ ಇಲ್ಲಿ ಒಂದೇ ಘಟ್ಟವನ್ನು ದಾಟುವ ಪ್ರಯತ್ನವನ್ನು ಬೇರೆ ಬೇರೆ ಕಾಲದವರು ಬೇರೆ ಬೇರೆ ಉದ್ದೇಶಗಳಿಂದ ಕೈಕೊಂಡರು, ಮತ್ತು ಅವರವರ ಉದ್ದೇಶದ ಗುರುತು ಇಂದಿಗೂ ನೆಲದ ಮೇಲೆ ಉಳಿದಿದೆ.

ಈ ಕರಾವಳಿ ಬಹು ಪುರಾತನ ಕಾಲದಿಂದ ಘಟ್ಟದ ಮೇಲಣ ನಾಡಿನ ಬಾಗಿಲಾಗಿತ್ತು. ಭಟ್ಕಳದಲ್ಲಿ ಇಳಿದ ಕುದುರೆಗಳು ವಿಜಯನಗರದ ಲಾಯಗಳಿಗೆ ಏರಿ ಹೋದವು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಸೀಮೆಯ ಮೆಣಸು ಹೊಳೆಯ ದಾರಿಯಿಂದ ಕಡಲಿಗೆ ಇಳಿದು ಪೋರ್ತುಗೀಜರ ಹಡಗುಗಳನ್ನು ತುಂಬಿತು. ಅಘನಾಶಿನಿಯ ದಡದ ಮಿರ್ಜಾನದಲ್ಲಿ ಕೋಟೆ ಎದ್ದುದು ಈ ವ್ಯಾಪಾರದ ಕಾವಲಿಗಾಗಿಯೇ. ನಮ್ಮ ಶಾಸನಗಳು ದಾರಿಗಳನ್ನು ನೇರವಾಗಿ ವರ್ಣಿಸುವುದು ಅಪೂರ್ವವಾದರೂ ದಾರಿಯ ಮೇಲೆ ಎತ್ತಿದ ಸುಂಕವನ್ನು ಮಾತ್ರ ವಿವರವಾಗಿ ಹೇಳುತ್ತವೆ. ಚಾಲುಕ್ಯರ ಕಾಲದ ಶಾಸನಗಳಲ್ಲಿ ಬರುವ ಪೆರ್ಜುಂಕ, ವಡ್ಡರಾವುಳ ಎಂಬ ಹೆಸರುಗಳೂ, ಸುಂಕವೆರ್ಗಡೆ ಎಂಬ ಅಧಿಕಾರಿಯೂ, ಎತ್ತಿನ ಹೇರಿಗೆ ಇಷ್ಟು, ಕತ್ತೆಯ ಹೇರಿಗೆ ಇಷ್ಟು, ತಲೆಹೊರೆಗೆ ಇಷ್ಟು ಎಂಬ ಲೆಕ್ಕವೂ ಆ ಕಾಲದ ಸಂಚಾರದ ಸಾಂದ್ರತೆಯನ್ನು ನಮಗೆ ತಿಳಿಸುತ್ತವೆ. ಅಯ್ಯಾವೊಳೆಯ ಐನೂರ್ವರಂತಹ ವಣಿಕ್ಸಂಘಗಳು ಆ ಸುಂಕದಲ್ಲಿ ಒಂದು ಪಾಲನ್ನು ದೇವಾಲಯಕ್ಕೂ ಕೆರೆಗೂ ಛತ್ರಕ್ಕೂ ಬಿಟ್ಟುಕೊಟ್ಟದ್ದುಂಟು. ದಾರಿಯಿಂದ ಬಂದ ಹಣ ಹೀಗೆ ಒಂದು ಅಂಶವಾದರೂ ದಾರಿಯ ಬದಿಗೇ ಮರಳುತ್ತಿತ್ತು. ಮುಂದೆ ಬಂದ ವ್ಯವಸ್ಥೆಗಳಲ್ಲಿ ಈ ಮರಳುವಿಕೆ ಹೇಗೆ ತಪ್ಪಿಹೋಯಿತೆಂಬುದನ್ನು ನೋಡುವಾಗ ಇದನ್ನು ನೆನಪಿನಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು.

ಹೇರು ಎಂಬ ಮಾತನ್ನು ಹೇಳಿದೊಡನೆ ನೆನಪಿಗೆ ಬರತಕ್ಕವರು ಲಂಬಾಣಿಗರು. ಎತ್ತಿನ ಬೆನ್ನಿನ ಎರಡು ಮಗ್ಗುಲಿಗೂ ಸಮತೂಕವಾಗಿ ತೂಗುಬಿದ್ದ ಜೋಡಿ ಗೋಣಿಯೇ ಹೇರು. ಅದನ್ನು ಹೊರುವುದು ಹೇರೆತ್ತು. ನೂರಾರು ಹೇರೆತ್ತುಗಳು, ಕೆಲವು ವೇಳೆ ಸಾವಿರಾರು, ಕವಡೆಗಳಿಂದಲೂ ಗಂಟೆಗಳಿಂದಲೂ ಸಿಂಗರಿಸಿದ ಮುಂದಾಳೆತ್ತಿನ ಹಿಂದೆ ಒಂದರ ಬಾಲಕ್ಕೊಂದು ಹತ್ತಿಕೊಂಡು ಘಟ್ಟವನ್ನು ಏರಿ ಇಳಿಯುತ್ತಿದ್ದವು. ಸಂಜೆಯಾದೊಡನೆ ಹೇರನ್ನು ಇಳಿಸಿ, ಗೋಣಿಗಳನ್ನು ಸುತ್ತಲೂ ಗೋಡೆಯಂತೆ ಒಟ್ಟಿ, ಅದರೊಳಗೆ ಹೆಂಗಸರು ಮಕ್ಕಳು ಅಡಿಗೆ ಹೂಡುವರು. ಎತ್ತುಗಳು ಸುತ್ತಣ ಹುಲ್ಲಿನಲ್ಲಿ ಮೇಯುವುವು. ಮೇವಿಗೆ ಖರ್ಚಿಲ್ಲ, ದಾರಿಗೆ ಸೇತುವೆ ಬೇಕಿಲ್ಲ, ಗಾಲಿ ಮುರಿಯುವ ಭಯವಿಲ್ಲ. ಘಟ್ಟದ ಕೆಳಗಿನಿಂದ ಅವರು ಏರಿಸುತ್ತಿದ್ದುದು ಮುಖ್ಯವಾಗಿ ಉಪ್ಪು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನಾಗರಗಳು ಅಂದಿಗೂ ಹೆಸರಾಗಿದ್ದವು. ಮೇಲಿನಿಂದ ಇಳಿಸುತ್ತಿದ್ದುದು ಜೋಳ, ಗೋಧಿ, ಬೇಳೆ, ಮೆಣಸಿನಕಾಯಿ. ಏರುವ ಎತ್ತಿನ ಬೆನ್ನಿನ ಮೇಲೂ ಹೇರು, ಇಳಿಯುವ ಎತ್ತಿನ ಬೆನ್ನಿನ ಮೇಲೂ ಹೇರು. ಬರಿಬೆನ್ನಿನ ಎತ್ತನ್ನು ಘಟ್ಟ ಹತ್ತಿಸುವುದು ಲಂಬಾಣಿಗನಿಗೆ ನಷ್ಟವೆಂಬಷ್ಟೇ ಅಲ್ಲ, ಅಂತಹ ಪಯಣ ಅವನ ಬದುಕಿನ ಕ್ರಮದೊಳಗೇ ಇರಲಿಲ್ಲ. ಹೇರಿಗೆ ಮರುಹೇರು ಇರಬೇಕು. ದಾರಿಯ ಎರಡು ತುದಿಗಳಲ್ಲಿರುವವರಿಗೂ ಪರಸ್ಪರ ಬೇಕಾದುದೇನಾದರೂ ಇರಬೇಕು. ನನ್ನ ಎಣಿಕೆಯಲ್ಲಿ ಸಾರಿಗೆಯ ಯೋಜನೆಗೆ ಸಂಬಂಧಿಸಿದ ಎಲ್ಲ ಸೂತ್ರಗಳಿಗೂ ಮೂಲಸೂತ್ರ ಇದು, ಮತ್ತು ಇದನ್ನು ಕಂಡುಕೊಂಡವರು ಅಕ್ಷರಜ್ಞಾನವಿಲ್ಲದ ಈ ಅಲೆಮಾರಿಗಳು.

ಅವರ ಸಾಮರ್ಥ್ಯವನ್ನು ರಾಜ್ಯಗಳೂ ಚೆನ್ನಾಗಿ ಅರಿತಿದ್ದವು. ಟೀಪುವಿನ ಮೇಲಣ ಯುದ್ಧಗಳಲ್ಲಿ ಇಂಗ್ಲಿಷರ ಸೈನ್ಯ ಶ್ರೀರಂಗಪಟ್ಟಣದವರೆಗೆ ಬಂದು ನಿಂತುದು ಬ್ರಿಂಜಾರಿಗಳೆಂದು ಅವರು ಕರೆದ ಈ ಜನರ ಎತ್ತುಗಳು ಹೊತ್ತ ಧಾನ್ಯದ ಬಲದಿಂದ. ಅದೇ ಆಳ್ವಿಕೆ ನೆಲೆಗೊಂಡ ಮೇಲೆ ಬಂಡಿದಾರಿ, ಅನಂತರ ರೈಲು ಬಂದು ಅವರ ಕಸುಬನ್ನು ಕಿತ್ತುಕೊಂಡವು. ಅಲೆದು ಬದುಕುವವರೆಲ್ಲ ಸಂಶಯಾಸ್ಪದರೆಂಬ ಭಾವನೆ ಬೆಳೆದು, 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಂತಹ ಕ್ರೂರ ಶಾಸನಗಳಲ್ಲಿ ಪರ್ಯವಸಾನವಾಯಿತು. ಶತಮಾನಗಳ ಕಾಲ ನಾಡಿನ ಉಪ್ಪನ್ನು ಹೊತ್ತವರ ಮೊಮ್ಮಕ್ಕಳು ಹೊಸ ದಾರಿಗಳಿಗೆ ಕಲ್ಲು ಒಡೆಯುವ ಕೂಲಿಗೆ ನಿಂತರು. ಹೊಸ ಸಾರಿಗೆಯ ಲಾಭವನ್ನು ಬರೆದಿಟ್ಟ ಕಡತಗಳಲ್ಲಿ ಈ ನಷ್ಟಕ್ಕೆ ಒಂದು ಪಂಕ್ತಿಯಾದರೂ ಇರಬೇಕಾಗಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಪ್ರಾಂತ ಕಂಪೆನಿಯ ಕೈಸೇರಿ, ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರನಾಗಿ ಬಂದನು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಕಡಲತೀರದಿಂದ ಘಟ್ಟವನ್ನು ಏರಿ ಯಲ್ಲಾಪುರ, ಸೋಂದೆ, ಶಿರಸಿ, ಬನವಾಸಿಗಳ ಮೇಲೆ ಹಾದುಹೋಗಿ, ಅಡಕೆ ಮೆಣಸುಗಳ ತೋಟಗಳನ್ನೂ ನಡುವಣ ದಟ್ಟ ಕಾಡನ್ನೂ ಕಂಡು ಬರೆದನು. ಆಗ ಕೆನರಾ ಮದರಾಸಿನ ಆಧಿಪತ್ಯಕ್ಕೆ ಸೇರಿತು. 1818ರಲ್ಲಿ ಪೇಶ್ವೆಯ ರಾಜ್ಯ ಮುಳುಗಿದ ಬಳಿಕ ಕಂಪೆನಿಗೆ ಬಂದ ಧಾರವಾಡ ಸೀಮೆಯಾದರೋ ಮುಂಬಯಿಗೆ ಸೇರಿತು. ಹೀಗೆ ಬೆಳೆ ಬೆಳೆಯುವ ನೆಲ ಒಂದು ಸರ್ಕಾರದ್ದು, ಅದು ಹಡಗನ್ನು ಹತ್ತುವ ಬಂದರು ಇನ್ನೊಂದು ಸರ್ಕಾರದ್ದು ಎಂದಾಯಿತು. ನಡುವಣ ಕಾಡಿನಲ್ಲಿ ಎಲ್ಲಿಯೋ ಒಂದು ಗೆರೆ. ಎತ್ತಿಗೆ ಆ ಗೆರೆ ಕಾಣದು. ದಾರಿ ಮಾಡಿಸುವ ಇಂಜಿನಿಯರನಿಗೆ ಮಾತ್ರ ಅದು ಘಟ್ಟಕ್ಕಿಂತ ಎತ್ತರವಾಗಿ ನಿಂತಿತು. ದಾರಿಯಿಂದ ಹತ್ತಿಯ ಬೆಲೆ ಏರಿ ಕಂದಾಯ ಹೆಚ್ಚಿದರೆ ಲಾಭ ಮುಂಬಯಿಗೆ, ದಾರಿಯ ಅತಿ ಕಠಿನವಾದ ಇಳಿಜಾರಿನ ಖರ್ಚು ಮದರಾಸಿಗೆ; ಮದರಾಸಿನವರಿಗೆ ಅದರಲ್ಲಿ ಉತ್ಸಾಹ ಹುಟ್ಟದೆಹೋದದ್ದು ಮನುಷ್ಯಸ್ವಭಾವಕ್ಕೆ ದೂರವಾದುದಲ್ಲ.

ಆ ಹತ್ತಿಯ ಸಂಗತಿಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಎರೆನೆಲದ ನಾಟಿ ಹತ್ತಿಗೆ ಪೇಟೆಯಲ್ಲಿ ಬಂದ ಹೆಸರು ಅದನ್ನು ಬೆಳೆದ ಊರಿನದಲ್ಲ, ಅದು ಹಡಗು ಹತ್ತಿದ ಊರಿನದು. ಮುಂಬಯಿಯಲ್ಲಿಯೂ ಲಿವರ್ಪೂಲಿನಲ್ಲಿಯೂ ಅದು ಕುಮಟಾ ಹತ್ತಿಯೆಂದೇ ಪ್ರಸಿದ್ಧವಾಯಿತು. 1840ರ ದಶಕದಲ್ಲಿ ಕಂಪೆನಿಯವರು ಅಮೆರಿಕದ ಹತ್ತಿಯ ಬೀಜವನ್ನು ತರಿಸಿ ಧಾರವಾಡ ಜಿಲ್ಲೆಯಲ್ಲಿ ಹರಡಿದರು. ಈ ಸೀಮೆಯ ಹವೆಗೆ ಅದು ಒಗ್ಗಿ, ಧಾರವಾಡ ಅಮೆರಿಕನ್ ಎಂಬ ಹೊಸ ಹೆಸರಿನಿಂದ ನಿಂತಿತು. ನಾಟಿಯೋ ವಿಲಾಯತಿಯೋ, ಹತ್ತಿಯ ಪಂಚಾಂಗ ಮಾತ್ರ ಒಂದೇ. ಮುಂಗಾರಿನ ಕಡೆಗಾಲದಲ್ಲಿ ಬಿತ್ತಿದ ಬೆಳೆ ಮಾಘ ಫಾಲ್ಗುಣಗಳಲ್ಲಿ ಅರಳಿ, ಬಿಡಿಸಿ, ಅರಳೆ ತೆಗೆದು, ಅಂಡಿಗೆಗಳಲ್ಲಿ ತುಂಬುವ ವೇಳೆಗೆ ಚೈತ್ರ ಬಂದಿರುತ್ತದೆ. ಜ್ಯೇಷ್ಠದಲ್ಲಿ ಮಳೆ ಹಿಡಿಯಿತೆಂದರೆ ಕುಮಟೆಯ ಬಂದರು ಮುಚ್ಚಿತು. ತೆರೆದ ಕಡಲಿನಲ್ಲಿ ಲಂಗರು ಹಾಕುವ ಹಡಗು ಆ ಗಾಳಿಯಲ್ಲಿ ನಿಲ್ಲುವಂತಿಲ್ಲ. ಇಡೀ ವರ್ಷದ ಬೆಳೆ ಘಟ್ಟವನ್ನು ಇಳಿಯಬೇಕಾದುದು ಹೀಗೆ ಎರಡು ಮೂರು ತಿಂಗಳ ಕಿರುದಾರಿಯಲ್ಲಿ. ಆ ತಿಂಗಳುಗಳಾದರೋ ಹಳ್ಳಗಳು ಬತ್ತಿ, ಹುಲ್ಲು ಒಣಗಿ, ಬಿಸಿಲು ಕಾದ ಕಾಲ. ಎತ್ತಿನ ಕೆಲಸ ಅತ್ಯಧಿಕವಾದಾಗಲೇ ಎತ್ತಿನ ಆಹಾರ ಅತ್ಯಲ್ಪ. ಈ ಮೂರು ತಿಂಗಳ ಇಕ್ಕಟ್ಟನ್ನು ಬಿಟ್ಟು ಕುಮಟೆಯ ದಾರಿಯ ವಿಚಾರವನ್ನು ತೀರ್ಮಾನಿಸಲು ಹೊರಡುವುದು ಬೇಸಗೆಯಲ್ಲಿ ನಿಂತು ಹೊಳೆಗೆ ಸೇತುವೆಯ ಎತ್ತರವನ್ನು ಗೊತ್ತುಮಾಡಿದಂತೆ.

ಹುಬ್ಬಳ್ಳಿಯಿಂದ ಹೊರಟ ಚಕ್ಕಡಿಗಳ ಸಾಲು ಶಿರಸಿಯನ್ನು ದಾಟಿ ದೇವಿಮನೆ ಘಟ್ಟದ ನೆತ್ತಿಗೆ ಬಂದಾಗ ಏನಾಗುತ್ತಿತ್ತೆಂಬುದನ್ನು ಆ ತಿರುವುಗಳಲ್ಲಿ ಕಾಲ್ನಡಿಗೆಯಿಂದ ಇಳಿದವರು ಊಹಿಸಬಲ್ಲರು. ಏರುದಾರಿಯಲ್ಲಿ ಎತ್ತು ದುಡಿಯುತ್ತದೆ; ಇಳಿಜಾರಿನಲ್ಲಿ ಅದು ಹೆದರುತ್ತದೆ. ಹಿಂದಿನ ಭಾರ ನೊಗದ ಮೇಲೆ ಒತ್ತಿಬಂದಂತೆ ಕತ್ತು ತಗ್ಗಿಸಿ, ಕಾಲೂರಿ, ಹೆಜ್ಜೆಗೊಮ್ಮೆ ನಿಲ್ಲುವ ಜೋಡಿಯನ್ನು ಪುಸಲಾಯಿಸುತ್ತ, ಗಾಲಿ ಉರುಳದಂತೆ ಹಿಂದೆ ಮರದ ದಿಮ್ಮಿಯನ್ನು ಕಟ್ಟಿ ಎಳೆಸುತ್ತ, ಬಂಡಿಯವನು ಮೂಕಿಯ ಪಕ್ಕದಲ್ಲಿಯೇ ನಡೆಯಬೇಕು. ಮುಂದಿನ ಬಂಡಿಯ ಕೀಲು ಕಳಚಿತೆಂದರೆ ಹಿಂದಿನ ಐವತ್ತು ಬಂಡಿಗಳು ನಿಂತವು. ಹಾಗೆ ನಿಂತ ರಾತ್ರಿಗಳಲ್ಲಿ ಹತ್ತಿಯ ಮೇಲೆ ಕಾಡಿನ ಇಬ್ಬನಿ ಬಿದ್ದಿತು, ದಾರಿಯ ಕೆಂಧೂಳು ಮೆತ್ತಿತು. ತೂಕ ಹೆಚ್ಚಲೆಂದು ನೀರು ಚಿಮುಕಿಸುವ, ಬೀಜ ಬೆರಸುವ ಕೈಗಳಿಗೂ ಕತ್ತಲೆ ಅನುಕೂಲವಾಯಿತು. ಹತ್ತಿಯ ಕಲಬೆರಕೆಯನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಒಂದು ಕಾಯಿದೆಯನ್ನೇ ಮಾಡಿತು. ಕಾಯಿದೆಯನ್ನು ಮಾಡಿದವರು ರೈತನ ಮತ್ತು ದಲ್ಲಾಳಿಯ ಅಪ್ರಾಮಾಣಿಕತೆಯನ್ನು ಕಂಡರು. ವಾರಗಟ್ಟಲೆ ಬಯಲಿನಲ್ಲಿ ಬಿದ್ದಿರುವ ಸರಕು ಕೆಡದೆ ಇರಲಾರದೆಂಬುದನ್ನು ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲವೆಂದೇ ನನ್ನ ಅಭಿಪ್ರಾಯ.

ಇಷ್ಟೆಲ್ಲ ಕಷ್ಟವಿದ್ದರೂ ಕುಮಟೆಯ ದಾರಿ ಜೀವಂತವಾಗಿತ್ತು. ಹತ್ತಿಯನ್ನು ಇಳಿಸಿದ ಚಕ್ಕಡಿ ಉಪ್ಪನ್ನೋ, ತೆಂಗಿನಕಾಯಿಯನ್ನೋ, ಒಣಮೀನನ್ನೋ, ನಡುವೆ ಶಿರಸಿಯಲ್ಲಿ ಅಡಕೆಯನ್ನೋ ತುಂಬಿಕೊಂಡು ಮರಳುತ್ತಿತ್ತು. ಲಂಬಾಣಿಯ ಸೂತ್ರವನ್ನು ಬಂಡಿಯವನು ಬಿಟ್ಟಿರಲಿಲ್ಲ.

ಈ ಸ್ಥಿತಿಯಲ್ಲಿ ಕಡಲಾಚೆಯಿಂದ ಮ್ಯಾಂಚೆಸ್ಟರಿನ ಕಣ್ಣು ಇಲ್ಲಿಗೆ ಬಿದ್ದಿತು. ಅಮೆರಿಕದ ಹತ್ತಿಯೊಂದನ್ನೇ ನಂಬಿದ್ದ ಗಿರಣಿಗಳ ಒಡೆಯರು ಆ ದೇಶದಲ್ಲಿ ಅಂತರ್ಯುದ್ಧದ ಮೋಡ ಕವಿಯುತ್ತಿದ್ದಂತೆಯೇ ಬೇರೆ ನೆಲೆಗಳನ್ನು ಅರಸತೊಡಗಿದರು. ಧಾರವಾಡದ ಹತ್ತಿ ಅವರ ಮನಸ್ಸಿಗೆ ಬಂದಿತು. ಕುಮಟೆಯಲ್ಲಿ ಹಡಗಿಗೆ ಆಸರೆಯಿಲ್ಲ. ಕಾರವಾರದ ಕೊಲ್ಲಿಯಾದರೋ ಗುಡ್ಡಗಳ ಮತ್ತು ನಡುಗಡ್ಡೆಗಳ ಮರೆಯಲ್ಲಿ ನೆಮ್ಮದಿಯಾಗಿ ಮಲಗಿದೆ. ಆದುದರಿಂದ ಕಾಳೀನದಿಯ ಬಾಯಲ್ಲಿರುವ ಸದಾಶಿವಗಡ ಮತ್ತು ಕಾರವಾರಗಳನ್ನೇ ಹತ್ತಿಯ ಬಂದರಾಗಿ ಮಾಡಿ, ಅಲ್ಲಿಂದ ನೇರವಾಗಿ ಹುಬ್ಬಳ್ಳಿಯ ಕಡೆಗೆ ಹೊಸ ದಾರಿಯನ್ನು ಕಡಿಯಬೇಕೆಂದು ಅವರು ಲಂಡನ್ನಿನಲ್ಲಿ ಒತ್ತಾಯ ತಂದರು. ಮ್ಯಾಂಚೆಸ್ಟರ್ ಕಾಟನ್ ಕಂಪೆನಿ ಎಂಬ ಸಂಸ್ಥೆ 1860ರಲ್ಲಿ ಹುಟ್ಟಿ, ಹತ್ತಿಯನ್ನು ಒತ್ತುವ ಯಂತ್ರಗಳನ್ನೂ ಅವನ್ನು ನಡೆಸುವ ಜನರನ್ನೂ ಕಳುಹಿಸಿತು. ಅವರು ಬಂದು ನೋಡಿದರೆ, ಯಂತ್ರವನ್ನು ಮೇಲಕ್ಕೆ ಒಯ್ಯುವ ದಾರಿ ಇನ್ನೂ ಆಗಿರಲಿಲ್ಲ. ಯಂತ್ರ ಬಂದಿತು, ದಾರಿ ಬರಲಿಲ್ಲ. ಇಂತಹ ವಿಪರ್ಯಾಸಗಳು ನಮ್ಮ ಕಾಲದಲ್ಲಿಯೂ ಅಪರೂಪವಲ್ಲವಾದ್ದರಿಂದ ಓದುಗರು ಅವರ ಸಂಕಟವನ್ನು ಸಹಾನುಭೂತಿಯಿಂದಲೇ ಅರಿಯಬಲ್ಲರು.

ಒತ್ತಾಯದ ಫಲವಾಗಿ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಆಧಿಪತ್ಯಕ್ಕೆ ಸೇರಿಸಿದರು. ಹೊಲವೂ ಬಂದರೂ ಒಂದೇ ಸರ್ಕಾರದ ಕೆಳಗೆ ಇರಬೇಕೆಂಬ ತತ್ತ್ವ ಸರಿಯಾದುದೇ. ಪ್ರಾದೇಶಿಕ ಯೋಜನೆಯ ಪ್ರಥಮ ಸೂತ್ರವೆಂದು ಇಂದಿಗೂ ಅದನ್ನು ಎಣಿಸಬಹುದು. ಆದರೆ ಗೆರೆಯನ್ನು ಅಳಿಸಿದವರು ಇನ್ನೊಂದು ಗೆರೆಯನ್ನು ಎಳೆದರು. ಒಂದೇ ಕರಾವಳಿ, ಒಂದೇ ಬಗೆಯ ಬದುಕು ಉಳ್ಳ ಉತ್ತರ ಕನ್ನಡವೂ ದಕ್ಷಿಣ ಕನ್ನಡವೂ ಅಂದಿನಿಂದ ಬೇರೆ ಬೇರೆ ರಾಜಧಾನಿಗಳ ಕಡೆಗೆ ಮುಖ ತಿರುಗಿಸಿ ಕುಳಿತುವು, ಮತ್ತು ಆ ಅಗಲಿಕೆ 1956ರವರೆಗೆ, ಎಂದರೆ ತೊಂಬತ್ತನಾಲ್ಕು ವರ್ಷ, ಮುಂದುವರಿಯಿತು. ಹತ್ತಿಯ ಅಂಡಿಗೆಯೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಸೀಮೆಯನ್ನು ಕತ್ತರಿಸಿದರೆ ಹತ್ತಿಯಲ್ಲದ ಬಂಧಗಳು ಹರಿದುಹೋಗುವುದು ಅನಿವಾರ್ಯ.

ಹೊಸ ಆಡಳಿತದಲ್ಲಿ ಕೆಲಸ ಬಿರುಸಾಗಿಯೇ ನಡೆಯಿತು. ಹೊನ್ನಾವರದಲ್ಲಿದ್ದ ಜಿಲ್ಲೆಯ ಕಚೇರಿ ಕಾರವಾರಕ್ಕೆ ಬಂದಿತು. ದೇವಗಡ ನಡುಗಡ್ಡೆಯ ಮೇಲೆ 1864ರಲ್ಲಿ ದೀಪಸ್ತಂಭ ಬೆಳಗಿತು. ಇಂದು ಅಣುವಿದ್ಯುತ್ತಿನಿಂದ ಹೆಸರಾಗಿರುವ ಕೈಗಾದ ಘಟ್ಟದಲ್ಲಿಯೂ ಅರಬೈಲಿನಲ್ಲಿಯೂ ದಾರಿ ಕಡಿದರು. ಆ ಕಾಡುಗಳ ಚಳಿಜ್ವರ ಎಂತಹುದೆಂಬುದನ್ನು ಯಲ್ಲಾಪುರದ ಕಡೆಯ ಹಿರಿಯರು ಇತ್ತೀಚಿನವರೆಗೂ ನಡುಗುತ್ತ ಹೇಳುತ್ತಿದ್ದರು. ಬಯಲುಸೀಮೆಯಿಂದ ಬಂದ ಎಷ್ಟು ಜನ ಕೂಲಿಗಳು ಆ ದಾರಿಯ ಮಣ್ಣಿಗೆ ಸೇರಿಹೋದರೋ! ಅಂತರ್ಯುದ್ಧದ ವರ್ಷಗಳಲ್ಲಿ ಹತ್ತಿಯ ಬೆಲೆ ಹಲವು ಪಾಲು ಏರಿ, ಎರೆಸೀಮೆಯ ಒಕ್ಕಲಿಗನ ಮನೆಯಲ್ಲಿ ಬೆಳ್ಳಿ ಕಾಣಿಸಿತು. ಜೋಳ ಬಿತ್ತುತ್ತಿದ್ದ ಹೊಲಕ್ಕೂ ಹತ್ತಿ ಬಂದಿತು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಮ್ಯಾಂಚೆಸ್ಟರಿನ ಉತ್ಸಾಹ ಇಳಿಯಿತು. ಅದು ಹೇರಿದ ಅವಸರದಲ್ಲಿ ಹುಟ್ಟಿದ ದಾರಿಗಳು ಕಾಡಿನ ನಡುವೆ ಉಳಿದುವು. ಕಾರವಾರದ ಕೊಲ್ಲಿ ಎಷ್ಟೇ ಸುರಕ್ಷಿತವಾದರೂ ಕುಮಟೆಯಲ್ಲಿದ್ದ ಸಾಹುಕಾರರು, ದಲ್ಲಾಳಿಗಳು, ಉಗ್ರಾಣಗಳು, ಮುಖ್ಯವಾಗಿ ಮರುಹೇರು, ಅಲ್ಲಿ ಇರಲಿಲ್ಲ. ಉತ್ತಮ ಬಂದರಿಗೆ ಹತ್ತಿ ತಾನಾಗಿಯೇ ಹರಿದುಬರುವುದೆಂದು ನಂಬಿದವರು, ಬಂದರು ಎಂಬುದು ನೀರಿನ ಆಳದಿಂದ ಮಾತ್ರ ಆಗುವುದಿಲ್ಲ, ಅಲ್ಲಿ ಕೊಡುವವನೂ ಕೊಳ್ಳುವವನೂ ಒಬ್ಬರನ್ನೊಬ್ಬರು ಬಲ್ಲವರಾಗಿ ಕುಳಿತಿರಬೇಕು ಎಂಬುದನ್ನು ಮರೆತಿದ್ದರು.

ಮುಂದಿನ ದಶಕದಲ್ಲಿ ಬಂದುದು ಬರ. 1876ರಲ್ಲಿ, ಧಾತು ಸಂವತ್ಸರದಲ್ಲಿ, ಮಳೆ ತಪ್ಪಿ, ಈಶ್ವರ ಸಂವತ್ಸರಕ್ಕೂ ಮುಂದುವರಿದ ಆ ಘೋರ ಕ್ಷಾಮ ಮೈಸೂರು, ಬಳ್ಳಾರಿ, ಧಾರವಾಡ, ಕಲಾದಗಿ ಸೀಮೆಗಳನ್ನು ಬರಿದು ಮಾಡಿತು; ಮೈಸೂರು ಸಂಸ್ಥಾನವೊಂದರಲ್ಲಿಯೇ ಐದರಲ್ಲಿ ಒಂದು ಪಾಲಿನಷ್ಟು ಜನ ಅಳಿದರು. ಕಡಲಿನ ಮೂಲಕ ಧಾನ್ಯವನ್ನು ತರಿಸುವುದು ಸಾಧ್ಯವಿತ್ತು. ಅದನ್ನು ಒಳನಾಡಿಗೆ ಒಯ್ಯುವುದೇ ಅಸಾಧ್ಯವಾಯಿತು. ಮನುಷ್ಯರಿಗಿಂತ ಮೊದಲು ಎತ್ತುಗಳು ಸತ್ತಿದ್ದವು. ಬದುಕಿದ ಎತ್ತು ನೂರು ಮೈಲಿ ನಡೆಯಬೇಕಾದರೆ ಅದರ ಮೇವನ್ನೂ ಅದೇ ಬಂಡಿಯಲ್ಲಿ ಹೇರಬೇಕು. ಹಾಗೆ ಹೇರಿದರೆ ಧಾನ್ಯಕ್ಕೆ ಸ್ಥಳ ಎಲ್ಲಿ? ಸಮೃದ್ಧಿಯ ಕಾಲದಲ್ಲಿ ಹತ್ತಿಯನ್ನು ಕೆಳಗಿಳಿಸಲು ಸಮರ್ಥವಾದ ದಾರಿ ದುರ್ಭಿಕ್ಷದಲ್ಲಿ ಅನ್ನವನ್ನು ಮೇಲೇರಿಸಲು ಅಸಮರ್ಥವಾದುದನ್ನು ಈ ನಾಡು ಕಣ್ಣಾರೆ ಕಂಡಿತು. ದಾರಿಯ ಶಕ್ತಿಯನ್ನು ಅದರ ಅತ್ಯಂತ ಕೆಟ್ಟ ವರ್ಷದಲ್ಲಿ ಅಳೆಯಬೇಕೆಂಬ ಪಾಠಕ್ಕೆ ಇಷ್ಟು ಪ್ರಾಣಗಳ ಬೆಲೆ ತೆರಬೇಕಾಯಿತೆಂಬುದನ್ನು ನೆನೆದರೆ ಎದೆ ಭಾರವಾಗುತ್ತದೆ.

1880ರ ಕ್ಷಾಮ ಆಯೋಗ ದೇಶದ ರಕ್ಷಣೆಗೆ ಒಟ್ಟು 20,000 ಮೈಲಿ ರೈಲುದಾರಿ ಬೇಕೆಂದೂ, ಅದರಲ್ಲಿ 5,000 ಮೈಲಿ ತ್ವರೆಯಾಗಿ ಆಗಬೇಕೆಂದೂ ಅಭಿಪ್ರಾಯಪಟ್ಟಿತು. ಅದೇ ಪ್ರೇರಣೆಯಿಂದ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪೆನಿ ಹುಟ್ಟಿ, ಧಾರವಾಡದಲ್ಲಿ ತನ್ನ ಮುಖ್ಯ ಕಚೇರಿಯನ್ನು ಕಟ್ಟಿಕೊಂಡಿತು; ಮುಂದೆ ಕರ್ನಾಟಕ ಕಾಲೇಜು ನೆಲೆಸಿದ ಆ ಭವ್ಯವಾದ ಕಟ್ಟಡವನ್ನು ನೋಡದ ಕನ್ನಡ ವಿದ್ಯಾರ್ಥಿಗಳು ಆ ಕಡೆ ವಿರಳ. ರೈಲು ಘಟ್ಟವನ್ನು ಎಲ್ಲಿ ಇಳಿಯಬೇಕೆಂಬ ಪ್ರಶ್ನೆ ಬಂದಾಗ ಕಾರವಾರದ ಹೆಸರು ಮತ್ತೆ ಕೇಳಿಬಂದಿತು. ತೀರ್ಮಾನವಾದರೋ ಬೇರೊಂದು ಮೇಜಿನ ಮೇಲೆ ಆಗಿಹೋಗಿತ್ತು. 1878ರಲ್ಲಿ ಇಂಗ್ಲಿಷರಿಗೂ ಪೋರ್ತುಗೀಜರಿಗೂ ನಡೆದ ಒಪ್ಪಂದದ ಮೇರೆಗೆ ಗೋವೆಯ ಮುರಗಾಂವ ಬಂದರಿನಿಂದ ಘಟ್ಟದ ಮೇಲಕ್ಕೆ ರೈಲು ಬರುವುದೆಂದೂ, ಗೋವೆಯ ಉಪ್ಪಿನ ತಯಾರಿಕೆ ಇಂಗ್ಲಿಷರ ಹತೋಟಿಗೆ ಒಳಪಡುವುದೆಂದೂ ಗೊತ್ತಾಯಿತು. 1888ರ ವೇಳೆಗೆ ದೂಧಸಾಗರದ ಜಲಪಾತವನ್ನು ಹಾದು, ಕ್ಯಾಸಲ್‌ರಾಕಿನ ಮೇಲೆ ಹುಬ್ಬಳ್ಳಿಗೆ ಮೀಟರ್ ಗೇಜಿನ ಹಳಿ ಕೂಡಿತು.

ಹುಬ್ಬಳ್ಳಿ ಬೆಳೆಯಿತು, ರೈಲಿನ ಕಾರ್ಖಾನೆ, ಹತ್ತಿಯ ಗಿರಣಿ, ಪೇಟೆ ಒಂದರ ಮೇಲೊಂದು ಬಂದುವು. ಕುಮಟೆಗೆ ಮಾತ್ರ ಸದ್ದಿಲ್ಲದೆ ಸಂಜೆಯಾಯಿತು. ಹತ್ತಿಗೆ ತನ್ನ ಹೆಸರನ್ನು ಕೊಟ್ಟ ಊರು ಹತ್ತಿಯನ್ನು ಕಾಣದಾಯಿತು. ಹತ್ತಿ ಮಾತ್ರ ಆ ಹೆಸರನ್ನು ಹೊತ್ತುಕೊಂಡು ಮುರಗಾಂವದ ಹಡಗನ್ನು ಹತ್ತಿತು. ಕ್ಷಾಮದ ರಕ್ಷಣೆಗಾಗಿ ರೈಲು ಬೇಕಾಗಿತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಶತಮಾನಗಳಿಂದ ಒಂದನ್ನೊಂದು ಪೋಷಿಸಿದ ಎರಡು ಸೀಮೆಗಳ ನಡುವಣ ನಂಟನ್ನು ಮೂರನೆಯ ಕಡೆಗೆ ತಿರುಗಿಸಿದಾಗ, ಶಿರಸಿಯ ಅಡಕೆಯವನಾಗಲಿ ಸಾಣಿಕಟ್ಟೆಯ ಉಪ್ಪಿನವನಾಗಲಿ ಆ ಮೇಜಿನ ಬಳಿ ಇರಲಿಲ್ಲವೆಂಬುದನ್ನು ಹೇಳದೆ ಇರಲಾರೆ.

ದಾರಿಯ ಯೋಜನೆಯಲ್ಲಿ ಹಳ್ಳಿಯನ್ನು ಅಳತೆಯ ಮೂಲವಾಗಿ ಇಟ್ಟುಕೊಂಡ ಮೊದಲ ದೊಡ್ಡ ಪ್ರಯತ್ನಕ್ಕೆ 1943ರವರೆಗೆ ಕಾಯಬೇಕಾಯಿತು. ಆ ವರ್ಷ ನಾಗಪುರದಲ್ಲಿ ಸೇರಿದ ಮುಖ್ಯ ಇಂಜಿನಿಯರುಗಳು ರಾಷ್ಟ್ರೀಯ ಹೆದ್ದಾರಿ, ಪ್ರಾಂತೀಯ ಹೆದ್ದಾರಿ, ಜಿಲ್ಲೆಯ ರಸ್ತೆ, ಹಳ್ಳಿಯ ರಸ್ತೆ ಎಂದು ದಾರಿಗಳನ್ನು ವಿಂಗಡಿಸಿ, ಚೆನ್ನಾಗಿ ಬೇಸಾಯವಾಗುವ ಸೀಮೆಯಲ್ಲಿ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ 5 ಮೈಲಿಗಿಂತ ದೂರವಿರಬಾರದೆಂಬ ಗುರಿಯನ್ನು ಇಟ್ಟರು. ಅಂಡಿಗೆಯಿಂದ ಹಳ್ಳಿಗೆ ಬಂದ ಈ ದೃಷ್ಟಿಪಲ್ಲಟ ಸಾಮಾನ್ಯವಾದುದಲ್ಲ. ಹೊರೆಗಲ್ಲನ್ನು ನೆಟ್ಟವನ ಅಳತೆಗೆ ಅದು ಮತ್ತೆ ಹತ್ತಿರ ಬಂದಿತೆಂದು ನನಗೆ ಸಂತೋಷವಾಗುತ್ತದೆ.

1956ರ ಏಕೀಕರಣದಿಂದ ಹೊಲ, ಕಾಡು, ಕಡಲು ಮೂರೂ ಒಂದೇ ರಾಜ್ಯದವಾದುವು. 1998ರಲ್ಲಿ ಕೊಂಕಣ ರೈಲು ಕರಾವಳಿಯುದ್ದಕ್ಕೂ ಓಡತೊಡಗಿತು. ಕುಮಟೆಗೂ ಅಂಕೋಲೆಗೂ ನಿಲ್ದಾಣ ಬಂದಿತು. ಆದರೂ ಹುಬ್ಬಳ್ಳಿಯಿಂದ ಅಂಕೋಲೆಗೆ ಘಟ್ಟವನ್ನು ಇಳಿಯಬೇಕಾದ ರೈಲು ಅಡಿಗಲ್ಲಿನಿಂದಾಚೆಗೆ ಬಹಳ ದೂರ ಸಾಗಿಲ್ಲ. ಅದಕ್ಕೆ ಅಡ್ಡ ನಿಂತಿರುವುದು ಕಾಡು; ಕಾಳೀ, ಗಂಗಾವಳಿಗಳನ್ನು ತುಂಬಿಸುವ, ಹುಲಿಯೂ ಮಂಗಟ್ಟೆಹಕ್ಕಿಯೂ ನೆಲೆಸಿರುವ ಕಾಡು. ಮ್ಯಾಂಚೆಸ್ಟರಿನವರಿಗೆ ಅದು ಹತ್ತಿಯ ದಾರಿಯಲ್ಲಿನ ಅಡಚಣೆಯಾಗಿ ಮಾತ್ರ ಕಂಡಿತು. ನಮಗೆ ಹಾಗೆ ಕಾಣಬಾರದು. ಆ ಸೀಮೆಯ ನಿವಾಸಿಗಳಲ್ಲಿ ಕಾಡೂ ಒಂದು, ಯೋಜನೆಯ ಪಂಕ್ತಿಯಲ್ಲಿ ಅದಕ್ಕೂ ಒಂದು ಮಣೆ ಹಾಕಬೇಕು. ಕರಾವಳಿಯವರ ರೈಲಿನ ಹಂಬಲ ನ್ಯಾಯವಾದುದೇ. ಎರಡು ನ್ಯಾಯಗಳು ಎದುರುಬದುರಾದಾಗ ಆತುರವಾಗಿ ತೀರ್ಪು ಕೊಡುವವರಿಗಿಂತ ಎರಡನ್ನೂ ಕೂರಿಸಿಕೊಂಡು ಕೇಳುವವರು ಬೇಕು.

ಹತ್ತಿಯ ಕಥೆ ಒಮ್ಮೆಗೆ ಮುಗಿಯಲಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿ, ಹೊಸಪೇಟೆಗಳ ಕಬ್ಬಿಣದ ಅದಿರು ಅದೇ ಹುಬ್ಬಳ್ಳಿ ಅಂಕೋಲೆಯ ಹೆದ್ದಾರಿಯನ್ನು ಹಿಡಿದು, ಅರಬೈಲಿನ ತಿರುವುಗಳಲ್ಲಿ ಇಳಿದು, ಬೇಲೆಕೇರಿಯ ಕಡಲಂಚಿಗೆ ಬಂದಿತು. ಅದಿರನ್ನು ತುಂಬಿದ ಲಾರಿಗಳು ಹಗಲೂ ರಾತ್ರಿಯೂ ಸಾಲುಗಟ್ಟಿ ಇಳಿದುವು, ಬರಿದಾಗಿ ಏರಿದುವು. ದಾರಿ ಹೊಂಡವಾಯಿತು; ಬದಿಯ ಗಿಡಗಳ ಎಲೆ ಕೆಂಪಾಯಿತು; ಮನೆಯ ಜಗಲಿಯ ಮೇಲೆ ಬಟ್ಟೆ ಒಣಹಾಕಲು ಹೆಂಗಸರು ಹಿಂಜರಿದರು. 2010ರಲ್ಲಿ ರಾಜ್ಯ ಸರ್ಕಾರ ಆ ರಫ್ತನ್ನು ನಿಲ್ಲಿಸಿದ ಮೇಲೆ ಲಾರಿಗಳ ಸಾಲು ಕರಗಿತು. ಮರುಹೇರಿಲ್ಲದ ಆ ಸಂಚಾರದಿಂದ ಘಟ್ಟದ ಜನಕ್ಕೆ ಉಳಿದುದು ಧೂಳು.

ಇದೇ ದಾರಿಯಲ್ಲಿ, ನಡುರಾತ್ರಿಯ ಬಳಿಕ, ಇನ್ನೊಂದು ಸಂಚಾರವಿದೆ. ಅಂಕೋಲೆ, ಕಾರವಾರಗಳ ದಕ್ಕೆಯಿಂದ ಮಂಜುಗಡ್ಡೆಯ ನಡುವೆ ಬಂಗಡೆ, ಭೂತಾಯಿಗಳನ್ನು ಪೆಟ್ಟಿಗೆಗಳಲ್ಲಿ ಒಟ್ಟಿಕೊಂಡ ಚಿಕ್ಕ ಗಾಡಿಗಳು ಬೆಳಗಿನ ಪೇಟೆಗೆಂದು ಹುಬ್ಬಳ್ಳಿಯ ಕಡೆಗೆ ಏರುತ್ತವೆ. ಹುಬ್ಬಳ್ಳಿಯಿಂದ ಬದನೆ, ಹಸಿಮೆಣಸು, ಕೊತ್ತಂಬರಿ, ಉಳ್ಳಾಗಡ್ಡಿಗಳನ್ನು ಹೇರಿದ ಗಾಡಿಗಳು ಕಡಲಿನ ಕಡೆಗೆ ಇಳಿಯುತ್ತವೆ. ಅರಬೈಲಿನ ಇಕ್ಕಟ್ಟಾದ ತಿರುವಿನಲ್ಲಿ ಅವು ಎದುರಾದಾಗ ಇಳಿಯುವವನು ದೀಪವನ್ನು ತಗ್ಗಿಸಿ, ಕಾಡಿನ ಮಗ್ಗುಲಿಗೆ ಸರಿದು ನಿಲ್ಲುತ್ತಾನೆ; ಭಾರ ಹೊತ್ತು ಏರುವವನಿಗೆ ನಿಂತು ಹೊರಡುವುದು ಕಷ್ಟವೆಂದು ಅವನು ಬಲ್ಲ. ಮೀನಿನ ಗಾಡಿ ಏದುಸಿರು ಬಿಡುತ್ತ ಪಕ್ಕದಲ್ಲಿ ಹಾದುಹೋಗುತ್ತದೆ. ಗುರುತಿನವರಾದರೆ ಒಂದು ಮಾತು, ಇಲ್ಲವಾದರೆ ಒಂದು ಹಾರ್ನು. ಅನಂತರ ಕಾಯಿಪಲ್ಲೆಯ ಗಾಡಿ ಇಳಿಜಾರನ್ನು ಹಿಡಿಯುತ್ತದೆ.